2024ರಲ್ಲಿ ಅಗಲಿದ ಗಣ್ಯರು: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ

ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ. ನಗರದ ಅಂಚಿನ ಈ ಮೂರು ಪ್ರದೇಶಗಳ ಬದುಕಿನ ಜೊತೆ ಒಂದಲ್ಲ ಒಂದು ಬಗೆಯ ನಂಟಿದ್ದ ಹಲವು ಗಣ್ಯರು 2024ರಲ್ಲಿ ತೀರಿಕೊಂಡರು. ಚಿತ್ರನಟ, ನಿರ್ಮಾಪಕ ದ್ವಾರಕೀಶ್ ಏಪ್ರಿಲ್‌ನಲ್ಲಿ, ನಿರೂಪಕಿ ಅಪರ್ಣಾ ವಸ್ತಾರೆ ಜುಲೈನಲ್ಲಿ, ಉದ್ಯಮಿಗಳಾದ ರತನ್ ಟಾಟಾ ಮತ್ತು ಟಿ.ಪಿ.ಜಿ. ನಂಬಿಯಾರ್ ಅಕ್ಟೋಬರ್‌ನಲ್ಲಿ ಹೋದರು. ನವೆಂಬರ್ ಆರಂಭದಲ್ಲಿ ಚಿತ್ರನಿರ್ದೇಶಕ ಗುರುಪ್ರಸಾದ್ ಅವರ ಸಾವು ಬೆಳಕಿಗೆ ಬಂತು. ಡಿಸೆಂಬರ್‌ನಲ್ಲಿ ಹದಿನಾರು ದಿನಗಳ ಅಂತರದಲ್ಲಿ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಮತ್ತು ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ನಿಧನರಾದರು.

ಈ ಪಟ್ಟಿಯನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಈ ವಲಯಗಳ ಹಣೆಬರಹ ಬರೆದವರು ಯಾರೂ ಇಲ್ಲಿ ಮನೆ ಮಾಡಿದವರಲ್ಲ. ಅವರು ಮುಂಬೈ, ದೆಹಲಿ, ಸದಾಶಿವನಗರದಲ್ಲಿದ್ದವರು. ಇಲ್ಲಿ ಬಂದು ನೆಲೆಸಿ ಇಲ್ಲೇ ಕೊನೆಯುಸಿರೆಳೆದ ಇಬ್ಬರೋ ಐಟಿಗಾಗಲಿ ಕೈಗಾರಿಕೆಗಾಗಲಿ ಸಂಬಂಧವಿಲ್ಲದ ಸಿನಿಮಾದವರು. ಹೊರವಲಯವೆಂದರೆ ದುಡಿಯಲು ಬರುವ ಜಾಗ, ಬೇರು ಬಿಡುವ ಜಾಗವಲ್ಲ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ಇಲ್ಲಿ ಯಾರು ನೆನಪಾಗುತ್ತಾರೆ, ಹೇಗೆ ನೆನಪಾಗುತ್ತಾರೆ ಎಂಬುದು ಊರೊಳಗಿನ ಬಸವನಗುಡಿ, ಮಲ್ಲೇಶ್ವರಗಳ ರೀತಿಯದಲ್ಲ.

ಹಿನ್ನೆಲೆ

ಮೂರರಲ್ಲಿ ಹಳೆಯದು ವೈಟ್‌ಫೀಲ್ಡ್. 1882ರಲ್ಲಿ ಮೈಸೂರು ಮಹಾರಾಜ ಹತ್ತನೆಯ ಚಾಮರಾಜ ಒಡೆಯರ್ ಆಂಗ್ಲೋ ಇಂಡಿಯನ್ ಸಮುದಾಯದ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಆ ಸಂಘವನ್ನು ಮುನ್ನಡೆಸಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಮನುಷ್ಯನೊಬ್ಬನ ಹೆಸರು ಇಷ್ಟು ಗಟ್ಟಿಯಾಗಿ ಉಳಿದ ಉದಾಹರಣೆ ಈ ಹೊರವಲಯದಲ್ಲಿ ಮತ್ತೊಂದು ಸಿಗುವುದು ಕಷ್ಟ. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯಿಂದ. 1976ರಲ್ಲಿ ಆರಂಭವಾದ ಈ ಸಂಸ್ಥೆ ಎರಡೇ ವರ್ಷದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಬಡಾವಣೆ ಮಾಡಿತು. ಅದರ ಹಿಂದಿನ ಕನಸು ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗ ಅವರದು. ಪೀಣ್ಯ ಎದ್ದದ್ದೂ ಹೆಚ್ಚುಕಡಿಮೆ ಅದೇ ದಶಕದಲ್ಲಿ. ಪಕ್ಕದ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್‌ಗಳಂಥ ಸರ್ಕಾರಿ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್, ಮಿಲ್ಲಿಂಗ್, ಪ್ಲೇಟಿಂಗ್ ಶೆಡ್‌ಗಳು ಒಂದೊಂದಾಗಿ ಸೇರಿ ಅದು ಬೆಳೆಯಿತು.

ದ್ವಾರಕೀಶ್

ಕನ್ನಡಿಗರ ‘ಕುಳ್ಳ’ ದ್ವಾರಕೀಶ್ 2024ರ ಏಪ್ರಿಲ್ 16ರಂದು ಎಲೆಕ್ಟ್ರಾನಿಕ್ ಸಿಟಿಯ ತಮ್ಮ ಮನೆಯಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. 1942ರ ಆಗಸ್ಟ್ 19ರಂದು ಹುಣಸೂರಿನಲ್ಲಿ ಹುಟ್ಟಿದ ಅವರ ಪೂರ್ಣ ಹೆಸರು ಬಂಗ್ಲೆ ಶಾಮರಾವ್ ದ್ವಾರಕಾನಾಥ್. ಸಿನಿಮಾಕ್ಕೆ ಬರುವ ಮುನ್ನ ಮೈಸೂರಿನ ಸಿಪಿಸಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಅಣ್ಣನ ಜೊತೆ ವಾಹನಗಳ ಬಿಡಿಭಾಗದ ಅಂಗಡಿ ನಡೆಸಿದ್ದರು. ಅದೇ ದಾರಿ ಹಿಡಿದಿದ್ದರೆ ಪೀಣ್ಯದಲ್ಲಿ ಒಂದು ಶೆಡ್ ಹಾಕಿಕೊಂಡು ಕೂರುತ್ತಿದ್ದರೇನೋ. ಸೋದರಮಾವ ಹುಣಸೂರು ಕೃಷ್ಣಮೂರ್ತಿ 1964ರಲ್ಲಿ ‘ವೀರ ಸಂಕಲ್ಪ’ದಲ್ಲಿ ಪಾತ್ರ ಕೊಟ್ಟರು, ಅಂಗಡಿ ಹಿಂದೆ ಉಳಿಯಿತು.

ನಟನಾಗಿ ನಗಿಸಿದ್ದಕ್ಕಿಂತ ನಿರ್ಮಾಪಕನಾಗಿ ಜೂಜಾಡಿದ್ದು ಅವರ ದೊಡ್ಡತನ ಎನ್ನಬೇಕು. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 1969ರಲ್ಲಿ ತೆಗೆದ ‘ಮೇಯರ್ ಮುತ್ತಣ್ಣ’ದಲ್ಲಿ ಸಿದ್ದಲಿಂಗಯ್ಯ ಎಂಬ ಹೊಸ ನಿರ್ದೇಶಕನಿಗೆ ಅವಕಾಶ ಕೊಟ್ಟರು. ‘ಕುಳ್ಳ ಏಜೆಂಟ್ 000’ ಚಿತ್ರಕ್ಕೆ ಹಿಂದಿಯ ಕಿಶೋರ್ ಕುಮಾರ್ ಅವರಿಂದ ಕನ್ನಡದಲ್ಲಿ ಹಾಡಿಸಿದರು. ವಿಷ್ಣುವರ್ಧನ್ ಜೊತೆಗಿನ ಅವರ ಜೋಡಿ ಒಂದು ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಗ್ಯಾರಂಟಿಯಾಗಿತ್ತು. 1978ರಲ್ಲಿ ಬಂದ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ವಿದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರ. ಕಿಯೋನಿಕ್ಸ್ ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಬಡಾವಣೆಗೆ ಕೈಹಾಕಿದ್ದೂ ಆ ಹೊತ್ತಿನಲ್ಲೇ. ಕನ್ನಡದ ಪ್ರೇಕ್ಷಕ ತೆರೆಯ ಮೇಲೆ ಸಿಂಗಪುರದ ರಸ್ತೆಗಳನ್ನು ಬೆರಗಿನಿಂದ ನೋಡುತ್ತಿದ್ದಾಗ, ಮುಂದೊಂದು ದಿನ ಅದೇ ಸಿಂಗಪುರದ ಹೆಸರು ಹೇಳಿ ಬೆಂಗಳೂರಿನ ರಾಜಕೀಯ ನಡೆಯುತ್ತದೆಂದು ಯಾರಿಗೂ ಹೊಳೆದಿರಲಾರದು.

ಸಿನಿಮಾದಲ್ಲಿ ಅವರು ಗಳಿಸಿದ್ದೂ ಉಂಟು, ಕಳೆದುಕೊಂಡದ್ದೂ ಉಂಟು. ಸಾಲು ಸಾಲು ಸೋಲಿನ ನಂತರ 2004ರಲ್ಲಿ ‘ಆಪ್ತಮಿತ್ರ’ ಅವರನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. ಮಧ್ಯಮವರ್ಗದ ಅಪಾರ್ಟ್‌ಮೆಂಟುಗಳು, ಲೇಔಟುಗಳು ಸುತ್ತ ಎದ್ದಿದ್ದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೊನೆಗಾಲ ಕಳೆದ ಅವರಿಗೆ ರವೀಂದ್ರ ಕಲಾಕ್ಷೇತ್ರದಲ್ಲಿ ಸಾರ್ವಜನಿಕರು ಅಂತಿಮ ನಮನ ಸಲ್ಲಿಸಿದರು.

ಅಪರ್ಣಾ ವಸ್ತಾರೆ

ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಮನೆಗೆ ಹೊರಟವರಿಗೂ ಕಾಡುಗೋಡಿಯಿಂದ ಮೆಜೆಸ್ಟಿಕ್ ಕಡೆಗೆ ಬರುವವರಿಗೂ ಮುಂದೆ ಬರುವ ನಿಲ್ದಾಣ ಯಾವುದೆಂದು ತಿಳಿಸುತ್ತಿದ್ದ ಕನ್ನಡದ ದನಿ ಅಪರ್ಣಾ ಅವರದು. 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ, 57ನೇ ವಯಸ್ಸಿನಲ್ಲಿ ಅವರು ನಿಧನರಾದರು. ಕಡೂರು ತಾಲ್ಲೂಕಿನ ಪಂಚನಹಳ್ಳಿ ಮೂಲದ ಅವರನ್ನು ಪುಟ್ಟಣ್ಣ ಕಣಗಾಲ್ ತಮ್ಮ ಕಡೆಯ ಚಿತ್ರ ‘ಮಸಣದ ಹೂವು’ ಮೂಲಕ ತೆರೆಗೆ ತಂದರು. ಆದರೆ ಕನ್ನಡಿಗರು ಅವರನ್ನು ಅರಿತದ್ದು ಆಕಾಶವಾಣಿ ಮತ್ತು ಚಂದನದ ನಿರೂಪಕಿಯಾಗಿ, ಸರ್ಕಾರಿ ಸಮಾರಂಭಗಳ ವೇದಿಕೆಯಲ್ಲಿ, ಆಮೇಲೆ ‘ಮಜಾ ಟಾಕೀಸ್’ನ ವರಲಕ್ಷ್ಮಿಯಾಗಿ. ವಾಸ್ತುಶಿಲ್ಪಿ, ಬರಹಗಾರ ನಾಗರಾಜ ವಸ್ತಾರೆ ಅವರ ಪತಿ.

ಈ ಸಮೀಕ್ಷೆಯ ದೃಷ್ಟಿಯಿಂದ ಅವರ ದೊಡ್ಡ ಕೆಲಸ ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳು. ಹಸಿರು ಮಾರ್ಗ 2014ರ ಮಾರ್ಚ್ 1ರಂದು ಪೀಣ್ಯ ಇಂಡಸ್ಟ್ರಿವರೆಗೆ ತೆರೆಯಿತು. ನೇರಳೆ ಮಾರ್ಗದ ಕೆ.ಆರ್. ಪುರ–ವೈಟ್‌ಫೀಲ್ಡ್ ತುಂಡು 2023ರ ಮಾರ್ಚ್‌ನಲ್ಲಿ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಡೀ ಮಾರ್ಗ ಒಂದಾಯಿತು. ಅದುವರೆಗೆ ಈ ಕಡೆ ಹೋಗುವ 335ಇ ಬಸ್ಸಿನ ಕಂಡಕ್ಟರ್ ‘ಐಟಿಪಿಎಲ್, ಹೋಪ್‌ಫಾರಂ, ಕಾಡುಗೋಡಿ’ ಎಂದು ಕೂಗಿದರೆ ಸಾಕಾಗುತ್ತಿತ್ತು. ಕಂಪನಿಯ ಹೆಸರೇ ಜಾಗದ ಹೆಸರು. ಮೆಟ್ರೊ ಬಂದ ಮೇಲೆ ಐಟಿಪಿಎಲ್ ಎದುರಿನ ನಿಲ್ದಾಣಕ್ಕೆ ಪಟ್ಟಂದೂರು ಅಗ್ರಹಾರ ಎಂಬ ಹೆಸರಾಯಿತು. ಹೂಡಿ, ಸೀತಾರಾಮಪಾಳ್ಯ, ಗರುಡಾಚಾರ್‌ಪಾಳ್ಯ, ಸಿಂಗಯ್ಯನಪಾಳ್ಯಗಳೂ ಬೋರ್ಡಿಗೆ ಬಂದವು. ಈ ಹಳ್ಳಿಗಳ ನಡುವೆಯೇ ವರ್ಷಗಟ್ಟಲೆ ಕೆಲಸ ಮಾಡಿ ಅವುಗಳ ಹೆಸರು ಅರಿಯದಿದ್ದ ಸಾವಿರಾರು ಮಂದಿ, ಕನ್ನಡ ಬಾರದವರೂ ಸೇರಿ, ರೈಲಿನೊಳಗೆ ಅವನ್ನು ದಿನಕ್ಕೆರಡು ಬಾರಿ ಸ್ಪಷ್ಟ ಉಚ್ಚಾರದಲ್ಲಿ ಕೇಳುವಂತಾಯಿತು. ಅಕ್ಷರಗಳನ್ನು ನುಂಗದ, ಒತ್ತಕ್ಷರ ಮಹಾಪ್ರಾಣಗಳನ್ನು ತೇಲಿಸದ ಕನ್ನಡ ಅದು. ಕನ್ನಡ ಕಲಿಸುವ ಎಷ್ಟೋ ಅಭಿಯಾನಗಳಿಗಿಂತ ಇದು ಹೆಚ್ಚು ಜನರ ಕಿವಿಗೆ ತಲುಪಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಪಾಲಿನ ಹಳದಿ ಮಾರ್ಗ ಸಂಚಾರ ಶುರುಮಾಡಿದ್ದು ಅವರು ಹೋಗಿ ವರ್ಷ ಕಳೆದ ಮೇಲೆ, 2025ರ ಆಗಸ್ಟ್‌ನಲ್ಲಿ.

ರತನ್ ಟಾಟಾ ಮತ್ತು ಐಟಿಪಿಎಲ್

ಟಾಟಾ ಸಮೂಹದ ಮಾಜಿ ಅಧ್ಯಕ್ಷ ರತನ್ ಟಾಟಾ 2024ರ ಅಕ್ಟೋಬರ್ 9ರಂದು ಮುಂಬೈನಲ್ಲಿ ನಿಧನರಾದರು. ಬೆಂಗಳೂರಿಗೂ ಟಾಟಾಗಳಿಗೂ ಇರುವ ಸಂಬಂಧವೆಂದರೆ ಸಾಮಾನ್ಯವಾಗಿ ಜೆ.ಎನ್. ಟಾಟಾ ಮತ್ತು 1909ರ ಭಾರತೀಯ ವಿಜ್ಞಾನ ಸಂಸ್ಥೆಯ ಮಾತು ಬರುತ್ತದೆ. ವೈಟ್‌ಫೀಲ್ಡ್‌ನ ಕಥೆ ಬೇರೆ. ಪಿ.ವಿ. ನರಸಿಂಹ ರಾವ್ ಅವರ ಕಾಲದಲ್ಲಿ ಭಾರತ ಮತ್ತು ಸಿಂಗಪುರ ಸರ್ಕಾರಗಳ ನಡುವೆ ಮೂಡಿದ ಒಂದು ಯೋಚನೆ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ (ಐಟಿಪಿಎಲ್) ಆಯಿತು. ಟಾಟಾ ಇಂಡಸ್ಟ್ರೀಸ್‌ಗೆ ಶೇ 40, ಸಿಂಗಪುರದ ಕಂಪನಿಗಳ ಕೂಟಕ್ಕೆ ಶೇ 40, ರಾಜ್ಯ ಸರ್ಕಾರದ ಕೆಐಎಡಿಬಿಗೆ ಶೇ 20 ಪಾಲು. 1994ರಲ್ಲಿ ಕೆಲಸ ಶುರುವಾಗಿ ದಶಕದ ಕೊನೆಗೆ ಕಂಪನಿಗಳು ಒಳಬಂದವು.

ಆಗಿನ ವೈಟ್‌ಫೀಲ್ಡ್‌ನಲ್ಲಿ ದೊಡ್ಡ ತಲೆನೋವು ಕರೆಂಟು. ಐಟಿಪಿಎಲ್ ತನ್ನದೇ ವಿದ್ಯುತ್ ಸ್ಥಾವರ ಇಟ್ಟುಕೊಂಡಿತು. ಡಿಸ್ಕವರರ್, ಇನ್ನೊವೇಟರ್, ಕ್ರಿಯೇಟರ್ ಎಂಬ ಹೆಸರಿನ ಕಟ್ಟಡಗಳೊಳಗೆ ಎ.ಸಿ. ನಿಲ್ಲುತ್ತಿರಲಿಲ್ಲ, ಕಾಂಪೌಂಡಿನಾಚೆ ಊರು ಕತ್ತಲಲ್ಲಿರುತ್ತಿತ್ತು. ಹೊರಗಿನ ವ್ಯವಸ್ಥೆ ಕೈಕೊಟ್ಟರೆ ಒಳಗೊಂದು ಸ್ವಂತ ವ್ಯವಸ್ಥೆ ಮಾಡಿಕೊಳ್ಳುವ ಈ ರೂಢಿಯನ್ನೇ ಮುಂದೆ ಹೊರವರ್ತುಲದ ಟೆಕ್ ಪಾರ್ಕುಗಳು, ಗೇಟೆಡ್ ಬಡಾವಣೆಗಳು ಅನುಸರಿಸಿದವು. ಅದರ ಒಳಿತು ಕೆಡುಕು ಎರಡನ್ನೂ ವೈಟ್‌ಫೀಲ್ಡ್ ಇಂದಿಗೂ ಉಣ್ಣುತ್ತಿದೆ. ಮುಂದೆ ಟಾಟಾ ಈ ಪಾಲುದಾರಿಕೆಯಿಂದ ಹೊರಬಂದರೂ ಟಾಟಾ ಎಲ್ಕ್ಸಿಯ ಕೇಂದ್ರ ಕಚೇರಿ ಐಟಿಪಿಎಲ್ ರಸ್ತೆಯಲ್ಲೇ ಉಳಿಯಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸಿಗುವ ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯನ್ನು ಸಮೂಹ ಕೊಂಡದ್ದು 2023ರಲ್ಲಿ. ಆ ಹೊತ್ತಿಗೆ ರತನ್ ಟಾಟಾ ಅಧ್ಯಕ್ಷ ಸ್ಥಾನ ಬಿಟ್ಟು ದಶಕ ದಾಟಿತ್ತು.

ಟಿ.ಪಿ.ಜಿ. ನಂಬಿಯಾರ್

ಬಿಪಿಎಲ್ ಸ್ಥಾಪಕ ನಂಬಿಯಾರ್ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 1963ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ, ಇಂಗ್ಲೆಂಡಿನ ಬ್ರಿಟಿಷ್ ಫಿಸಿಕಲ್ ಲ್ಯಾಬೊರೇಟರೀಸ್ ಸಹಯೋಗದಲ್ಲಿ ಅಳತೆಯ ಮೀಟರುಗಳನ್ನು ಮಾಡಲು ಹೊರಟ ಕಂಪನಿ ಅದು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟೀವಿ ಬಂತು. ನಂಬಿಯಾರ್ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಬಿಪಿಎಲ್ಲನ್ನು ಮನೆಮಾತು ಮಾಡಿದರು. ಬಿಇಎಲ್‌ನಂಥ ಸರ್ಕಾರಿ ಸಂಸ್ಥೆಗಳಿಂದಲೇ ಎಲೆಕ್ಟ್ರಾನಿಕ್ಸ್ ಎಂದುಕೊಂಡಿದ್ದ ನಗರದಲ್ಲಿ ಖಾಸಗಿಯವರೂ ಅದನ್ನು ಮಾಡಿ ಮಾರಬಲ್ಲರು ಎಂದು ತೋರಿಸಿದವರಲ್ಲಿ ಅವರು ಮುಂಚೂಣಿಯವರು. ಮಾರುಕಟ್ಟೆ ತೆರೆದು ಕೊರಿಯಾದ ಕಂಪನಿಗಳು ಬಂದ ಮೇಲೆ ಬಿಪಿಎಲ್ ಹಿಂದೆ ಬಿತ್ತು. ಅದೇ ತೆರೆದ ಮಾರುಕಟ್ಟೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಗಳು ಮೇಲೆದ್ದವು. ಹೆಸರಿನಲ್ಲಿ ಎಲೆಕ್ಟ್ರಾನಿಕ್ಸ್ ಇಟ್ಟುಕೊಂಡ ಊರಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಕೆಯೇ ಹಿಂದಕ್ಕೆ ಸರಿಯಿತು.

ಗುರುಪ್ರಸಾದ್

‘ಮಠ’ (2006) ಮತ್ತು ‘ಎದ್ದೇಳು ಮಂಜುನಾಥ’ (2009) ಚಿತ್ರಗಳ ನಿರ್ದೇಶಕ ಗುರುಪ್ರಸಾದ್ ಅವರ ಮೃತದೇಹ ನವೆಂಬರ್ 3ರಂದು ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಪತ್ತೆಯಾಯಿತು. ಅದು ಅವರ 52ನೇ ಹುಟ್ಟುಹಬ್ಬದ ಮರುದಿನ. ನಟ ಜಗ್ಗೇಶ್ ಅವರ ಹಾಸ್ಯಕ್ಕೆ ಕುಹಕದ ಹೊಸ ಅಂಚು ಕೊಟ್ಟವರು ಅವರು. ಸಂಭಾಷಣೆಯ ಮೇಲೆ ಅಷ್ಟು ಹಿಡಿತವಿದ್ದವರು ಅವರ ಪೀಳಿಗೆಯಲ್ಲಿ ಕಡಿಮೆ. ಅದೇ ತುಮಕೂರು ರಸ್ತೆಯಲ್ಲಿ ನಾಗಸಂದ್ರದಿಂದ ಮಾದಾವರದವರೆಗಿನ ಮೆಟ್ರೊ, ಮೃತದೇಹ ಸಿಕ್ಕ ನಾಲ್ಕೇ ದಿನಗಳ ನಂತರ ಓಡತೊಡಗಿತು. ಒಂದು ಕಾಲಕ್ಕೆ ಪೀಣ್ಯದ ಆಚೆಗಿನ ಹಳ್ಳಿಗಳೆನಿಸಿದ್ದ ಮಾದನಾಯಕನಹಳ್ಳಿ, ಮಾದಾವರಗಳು ಈಗ ನಗರದೊಳಗೆ ಬಾಡಿಗೆ ಹೊಂದಿಸಲಾಗದವರ, ಶಾಂತಿ ಹುಡುಕಿ ಬಂದವರ ನೆಲೆಗಳಾಗಿವೆ.

ಎಸ್.ಎಂ. ಕೃಷ್ಣ

ಸೋಮನಹಳ್ಳಿ ಮಲ್ಲಯ್ಯ ಕೃಷ್ಣ 1932ರ ಮೇ 1ರಂದು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಹುಟ್ಟಿ, 2024ರ ಡಿಸೆಂಬರ್ 10ರ ಬೆಳಗಿನ ಜಾವ ಸದಾಶಿವನಗರದ ಮನೆಯಲ್ಲಿ ನಿಧನರಾದರು. ರಾಜ್ಯದಲ್ಲಿ ಮೂರು ದಿನ ಶೋಕಾಚರಣೆ ನಡೆಯಿತು, ಅಂತ್ಯಕ್ರಿಯೆ ಹುಟ್ಟೂರಲ್ಲಾಯಿತು.

ಅವರನ್ನು ಐಟಿ ಯುಗದ ಮುಖ್ಯಮಂತ್ರಿ ಎಂದೇ ಎಲ್ಲರೂ ನೆನೆಯುವುದು. ಆದರೆ ಹೊರವಲಯದ ಮಟ್ಟಿಗೆ ಅವರ ಪಾತ್ರ ಅದಕ್ಕಿಂತ ಹಳೆಯದು. ದೇವರಾಜ ಅರಸು ಸಂಪುಟದಲ್ಲಿ ಅವರು ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಾಗಿದ್ದ ಕಾಲದಲ್ಲೇ ಕಿಯೋನಿಕ್ಸ್ ಹುಟ್ಟಿದ್ದು. 1999ರ ಅಕ್ಟೋಬರ್‌ನಿಂದ 2004ರ ಮೇವರೆಗೆ ಮುಖ್ಯಮಂತ್ರಿಯಾಗಿದ್ದಾಗ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು, ಇಲ್ಲಿ ಕೃಷ್ಣ. ಯಾವ ಕಂಪನಿ ಹೈದರಾಬಾದಿಗೆ, ಯಾವುದು ಬೆಂಗಳೂರಿಗೆ ಎಂಬುದು ದಿನಪತ್ರಿಕೆಗಳ ಮುಖಪುಟದ ಪೈಪೋಟಿ. ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಅವರ ಹೆಸರಿಗೆ ಅಂಟಿಕೊಂಡಿತು.

1999ರಲ್ಲಿ ಅವರು ಇನ್ಫೊಸಿಸ್‌ನ ನಂದನ್ ನಿಲೇಕಣಿ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿದರು. ಪಾಲಿಕೆ, ಬಿಡಿಎ, ಜಲಮಂಡಳಿ, ಬಿಎಂಟಿಸಿ, ಪೊಲೀಸ್ ಮುಂತಾದ ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕರ ಎದುರು ನಿಂತು, ಏನು ಮಾಡಿದೆವು, ಏನು ಮಾಡುತ್ತೇವೆ ಎಂದು ಹೇಳಬೇಕಿತ್ತು. ಅಧಿಕಾರಿ ಜನರಿಗೆ ಲೆಕ್ಕ ಒಪ್ಪಿಸುವ ಈ ಏರ್ಪಾಡು ಹೊಸದು. ಚುನಾಯಿತರನ್ನು ಬದಿಗೊತ್ತಿ ಕಂಪನಿಯವರಿಗೆ ಮಣೆ ಹಾಕಿದರೆಂಬ ಟೀಕೆಯೂ ಬಂತು, ಅದು ನ್ಯಾಯವಾದುದೇ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೂರೂ ಮಹಾನಗರ ಪಾಲಿಕೆಯ ಎಲ್ಲೆಯಿಂದ ಹೊರಗಿದ್ದವು. ಅವು ಮಹದೇವಪುರ, ದಾಸರಹಳ್ಳಿಯಂಥ ನಗರಸಭೆಗಳ, ಪಂಚಾಯಿತಿಗಳ ಪಾಲು. ಐಟಿಯಿಂದ ಬಂದ ಹೆಸರು ಬೆಂಗಳೂರಿಗೆ, ಐಟಿ ಓಡಾಡುವ ರಸ್ತೆ ಮಾತ್ರ ಯಾರಿಗೂ ಸೇರದ್ದು. 110 ಹಳ್ಳಿಗಳು ಬಿಬಿಎಂಪಿಗೆ ಸೇರಿದ್ದು 2007ರಲ್ಲಿ, ಕೃಷ್ಣ ಅಧಿಕಾರ ಬಿಟ್ಟ ಮೇಲೆ. ಎಲೆಕ್ಟ್ರಾನಿಕ್ ಸಿಟಿ ಆಗಲೂ ಒಳಗೆ ಬರಲಿಲ್ಲ, 2013ರಲ್ಲಿ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಮಾಡಿಕೊಂಡಿತು.

ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಜನರ ಕೈಗೆ ಬಂದದ್ದೂ ಕೃಷ್ಣ ಅವಧಿಯಲ್ಲೇ. ಸರ್ಜಾಪುರ, ವರ್ತೂರು, ಆನೇಕಲ್ ಕಡೆಯ ರೈತರ ಪಾಲಿಗೆ ಅದೇನೂ ಸಣ್ಣ ಬದಲಾವಣೆಯಲ್ಲ. ಎಕರೆಯ ಬೆಲೆ ದಿನಕ್ಕೊಂದು ಬಗೆ ಏರುತ್ತಿದ್ದಾಗ ಕೈಬರಹದ ಪಹಣಿಯಲ್ಲಿ ಹೆಸರು ಬದಲಾಗದಂತೆ ಕಾಯುವುದೇ ಒಂದು ಕೆಲಸವಾಗಿತ್ತು.

ಇನ್ನು ನೀರು. ಬರದ ನಡುವೆ ಕಾವೇರಿ ವಿವಾದ ಕಾವೇರಿದ್ದಾಗ, 2002ರ ಅಕ್ಟೋಬರ್‌ನಲ್ಲಿ, ಕೃಷ್ಣ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಮಾಡಿದರು. ಅವರು ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ವೈಟ್‌ಫೀಲ್ಡ್ ಸುತ್ತಲಿನ ಅಪಾರ್ಟ್‌ಮೆಂಟುಗಳ ಮುಂದೆ ಟ್ಯಾಂಕರ್‌ಗಳು ಸಾಲುಗಟ್ಟಿದವು. ಆ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಐಟಿಯ ಮುಖ್ಯಮಂತ್ರಿ ಎನಿಸಿಕೊಂಡರೂ 2004ರಲ್ಲಿ ಅಧಿಕಾರ ಕಳೆದುಕೊಂಡದ್ದಕ್ಕೆ ಹಳ್ಳಿಗಾಡಿನ ಬರವನ್ನೇ ಹಲವರು ಕಾರಣವಾಗಿ ಹೇಳುತ್ತಾರೆ. ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾಗಿ, 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿ ದುಡಿದ ಅವರು 2017ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಪದ್ಮವಿಭೂಷಣ ಬಂತು.

ಮನಮೋಹನ್ ಸಿಂಗ್

ಡಿಸೆಂಬರ್ 26ರಂದು ದೆಹಲಿಯಲ್ಲಿ, 92ನೇ ವಯಸ್ಸಿನಲ್ಲಿ ನಿಧನರಾದ ಮನಮೋಹನ್ ಸಿಂಗ್ ಹಣಕಾಸು ಸಚಿವರಾಗಿ ಮಂಡಿಸಿದ 1991ರ ಜುಲೈ 24ರ ಬಜೆಟ್ಟಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಗೆ ಅದರಿಂದ ಆದದ್ದನ್ನಷ್ಟೇ ಇಲ್ಲಿ ಹೇಳಬಹುದು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಆದಾಯ ತೆರಿಗೆಯ ರಿಯಾಯಿತಿ ಸಿಕ್ಕಿತು. ಮರುವರ್ಷ, ಷೇರಿನ ಬೆಲೆಯನ್ನು ದೆಹಲಿಯಲ್ಲಿ ಕುಳಿತು ನಿಗದಿ ಮಾಡುತ್ತಿದ್ದ ಬಂಡವಾಳ ನಿಯಂತ್ರಕರ ಕಚೇರಿಯೇ ರದ್ದಾಯಿತು. ಹಾಗಾಗಿಯೇ 1993ರಲ್ಲಿ ಇನ್ಫೊಸಿಸ್ ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರಿಗೆ ಕೊಡಲು ಸಾಧ್ಯವಾದದ್ದು. ಆ ಹಣ ಮತ್ತು ಅದರ ಜೊತೆ ಬಂದ ಧೈರ್ಯದ ಮೇಲೆ ಹೊಸೂರು ರಸ್ತೆಯ ಬದಿಯ ಕ್ಯಾಂಪಸ್ ಎದ್ದಿತು. ಮುಂದೆ 2009ರಲ್ಲಿ ಅದೇ ಕಂಪನಿಯ ನಿಲೇಕಣಿ ಅವರನ್ನು ಆಧಾರ್ ಕೆಲಸಕ್ಕೆ ಕರೆಸಿಕೊಂಡ ಪ್ರಧಾನಿಯೂ ಇವರೇ.

ಪೀಣ್ಯದವರಿಗೆ ಈ ಬಜೆಟ್ಟಿನ ನೆನಪು ಅಷ್ಟು ಸಿಹಿಯಲ್ಲ. ದೊಡ್ಡ ಸರ್ಕಾರಿ ಕಾರ್ಖಾನೆಗಳ ಆರ್ಡರ್ ನಂಬಿಕೊಂಡಿದ್ದ ಶೆಡ್‌ಗಳಿಗೆ ಎಚ್‌ಎಂಟಿ ಕುಸಿದದ್ದು ನೇರ ಹೊಡೆತ. ಸಣ್ಣ ಕೈಗಾರಿಕೆಗೆಂದೇ ಮೀಸಲಿದ್ದ ವಸ್ತುಗಳ ಪಟ್ಟಿಯೂ ವರ್ಷದಿಂದ ವರ್ಷಕ್ಕೆ ಕರಗಿತು. ಮುಂದೆ ಸಿಂಗ್ ಸರ್ಕಾರ ತಂದ 2006ರ ಎಂಎಸ್‌ಎಂಇ ಕಾಯ್ದೆ ಮಾತ್ರ ಪೀಣ್ಯದ ಮಾಲೀಕರ ಬಾಯಲ್ಲಿ ಈಗಲೂ ಇದೆ. ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಚಕ್ರಬಡ್ಡಿ ಸೇರಿಸಿ ಕೊಡಬೇಕು ಎನ್ನುತ್ತದೆ ಅದು. ಕಾನೂನು ಸರಿಯಾಗಿದೆ. ಆದರೆ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಬರುವುದಿಲ್ಲ ಎಂಬ ಅಂಜಿಕೆಯಿಂದ ಅನೇಕರು ಬಾಯಿ ಬಿಡುವುದಿಲ್ಲ. ಬೆಂಗಳೂರು ಮೆಟ್ರೊಗೆ 2006ರ ಜೂನ್ 24ರಂದು ಶಂಕುಸ್ಥಾಪನೆ ಮಾಡಿದವರೂ ಮನಮೋಹನ್ ಸಿಂಗ್.

ಸ್ಮರಣೆ

ಇವರ ಹೆಸರಿನ ಸ್ಮಾರಕಗಳೆಲ್ಲ ನಗರದೊಳಗೇ ಆದವು. ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣಕ್ಕೆ ಟೆನಿಸ್ ಪ್ರಿಯರಾಗಿದ್ದ ಕೃಷ್ಣ ಅವರ ಹೆಸರಿಟ್ಟರು. ಬೆಂಗಳೂರು ನಗರ ವಿಶ್ವವಿದ್ಯಾಲಯಕ್ಕೆ ಮನಮೋಹನ್ ಸಿಂಗ್ ಹೆಸರನ್ನು 2025ರ ಮಾರ್ಚ್‌ನ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಪೀಣ್ಯದಲ್ಲಿ ವಿಳಾಸವೆಂದರೆ ಇಂದಿಗೂ ಇಷ್ಟನೇ ಫೇಸ್, ಇಷ್ಟನೇ ಕ್ರಾಸ್. ಅಲ್ಲಿ ತೀರಿಕೊಂಡವರ ಭಾವಚಿತ್ರ ಹೊತ್ತ ಫ್ಲೆಕ್ಸು ಮುಖ್ಯರಸ್ತೆಯ ಕಂಬದಲ್ಲಿ ಕೆಲವು ದಿನ ಇದ್ದು, ಗಾಳಿಗೆ ಹರಿದೋ ಪಾಲಿಕೆಯವರು ಬಿಚ್ಚಿಯೋ ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಳದಿ ಮಾರ್ಗದ ಕೆಲವು ನಿಲ್ದಾಣಗಳಿಗೆ ಕಂಪನಿಗಳದೇ ಹೆಸರು: ಇನ್ಫೊಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ.